ಕಾರ್ಯಸ್ಥಾನದ ಕಲಹ ಮತ್ತು ಕಲಿಕೆ: ಹೂಗ್ಲಿಯ ಗಿರಣಿಗಳಿಂದ ಗಣಕಯಂತ್ರದ ತೆರೆಯವರೆಗೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕನ್ನಡಿಗರಿಗೆಲ್ಲ ಬಾಯಿಪಾಠವಾಗಿರತಕ್ಕದ್ದು. ಅದರ ಪೂರ್ವಾರ್ಧವನ್ನು ವೈದ್ಯಶಾಸ್ತ್ರವು ಬಹು ಹಿಂದೆಯೇ ಪಾಠವನ್ನಾಗಿ ಮಾಡಿಕೊಂಡಿತು. ಉತ್ತರಾರ್ಧವನ್ನು ಪಾಠಪಟ್ಟಿಯ ರೂಪಕ್ಕೆ ತರುವ ಪ್ರಯತ್ನ ಮಾತ್ರ ಇಪ್ಪತ್ತನೆಯ ಶತಮಾನದ್ದು. ಕೆಲಸದ ಸ್ಥಳದಲ್ಲಿ ಮೇಲಧಿಕಾರಿಗೂ ಕೈಕೆಳಗಿನವನಿಗೂ, ಒಬ್ಬ ಸಹೋದ್ಯೋಗಿಗೂ ಇನ್ನೊಬ್ಬನಿಗೂ ಹುಟ್ಟುವ ವಿರಸವನ್ನು ಅರಿತು ನಡೆಸುವ ವಿದ್ಯೆಯನ್ನು ಕಲಿಸಬಹುದೆಂಬ ನಂಬಿಕೆಯ ಮೇಲೆ ಇಂದು ಸಾವಿರಾರು ಸಂಸ್ಥೆಗಳು ತಮ್ಮ ನೌಕರರನ್ನು ಗಣಕಯಂತ್ರದ ಮುಂದೆ ಕುಳ್ಳಿರಿಸಿ ತರಬೇತಿ ಕೊಡುತ್ತಿವೆ. ಈ ನಂಬಿಕೆ ಎಲ್ಲಿಂದ ಬಂದಿತು, ಅದರ ಹಿಂದಿರುವ ಕಲಿಕೆಯ ಸಿದ್ಧಾಂತಗಳು ಯಾವುವು, ಅವು ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ವಿಚಾರಣೆಗೆ ನಾವು ನೆಲೆಸಿರುವ ಕೋಲ್ಕತ್ತಕ್ಕಿಂತ ಯೋಗ್ಯವಾದ ನಗರ ಭಾರತದಲ್ಲಿ ಇನ್ನೊಂದು ಸಿಕ್ಕುವುದು ಕಷ್ಟ. ಕಾರ್ಖಾನೆಯ ಕಲಹವೂ ಅದನ್ನು ಕುರಿತ ಶಿಕ್ಷಣವೂ ಇಲ್ಲಿ ಅಕ್ಕಪಕ್ಕದಲ್ಲಿಯೇ ಬೆಳೆದವು.

ಸರ್ದಾರನ ಆಳ್ವಿಕೆ

ಹೂಗ್ಲಿಯ ದಡದ ರಿಷ್ರಾ ಎಂಬಲ್ಲಿ ೧೮೫೫ರಲ್ಲಿ ಮೊದಲ ಸೆಣಬಿನ ಗಿರಣಿ ಆರಂಭವಾಯಿತು. ಶತಮಾನದ ಅಂತ್ಯದ ವೇಳೆಗೆ ನದಿಯ ಎರಡು ದಡಗಳಲ್ಲಿಯೂ ಗಿರಣಿಗಳ ಸಾಲು ಹಬ್ಬಿತು. ಈ ಗಿರಣಿಗಳ ಒಳಗಿನ ಸಮಾಜವನ್ನು ಗಮನಿಸತಕ್ಕದ್ದು. ವ್ಯವಸ್ಥಾಪಕರೂ ಮೇಲ್ವಿಚಾರಕರೂ ಬಹುಮಟ್ಟಿಗೆ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಕಡೆಯಿಂದ ಬಂದವರು. ಕಚೇರಿಯ ಗುಮಾಸ್ತರು ಬಂಗಾಳಿಗಳು. ಯಂತ್ರದ ಮುಂದೆ ನಿಂತವರಲ್ಲಿ ಬಹುಪಾಲು ಬಿಹಾರ, ಪೂರ್ವ ಸಂಯುಕ್ತ ಪ್ರಾಂತ, ಒರಿಸ್ಸಾ ಮತ್ತು ತೆಲುಗು ಸೀಮೆಗಳಿಂದ ಬಂದ ವಲಸೆಗಾರರು. ಆಜ್ಞೆಯನ್ನು ಕೊಡುವವನ ಭಾಷೆ ಅದನ್ನು ಪಾಲಿಸುವವನಿಗೆ ತಿಳಿಯದು. ಪಾಲಿಸುವವನ ದೂರು ಆಜ್ಞೆ ಕೊಡುವವನಿಗೆ ಅರ್ಥವಾಗದು. ಈ ಅಂತರವನ್ನು ತುಂಬಿದವನು ಸರ್ದಾರ. ಆಳುಗಳನ್ನು ಕರೆತರುವವನೂ ಅವನೇ, ಕೆಲಸ ಹಂಚುವವನೂ ಅವನೇ, ಸಾಲ ಕೊಡುವವನೂ ಬಹಳ ಸಂದರ್ಭಗಳಲ್ಲಿ ಅವನೇ. ಜಗಳವನ್ನು ತೀರಿಸುವವನೂ ಅವನೇ ಆಗಿದ್ದನು. ಆದರೆ ಆ ತೀರ್ಮಾನಕ್ಕೆ ನಿಯಮವಿರಲಿಲ್ಲ, ಮೇಲ್ಮನವಿಯಿರಲಿಲ್ಲ, ಅನೇಕ ಸಲ ಲಂಚವಿತ್ತು.

ಇತಿಹಾಸಕಾರರಾದ ದೀಪೇಶ್ ಚಕ್ರವರ್ತಿಯವರು ೧೯೮೯ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ೧೮೯೦ರಿಂದ ೧೯೪೦ರವರೆಗಿನ ಬಂಗಾಳದ ಸೆಣಬಿನ ಕಾರ್ಮಿಕರ ಜೀವನವನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಗಿರಣಿಯ ಅಧಿಕಾರವು ಲಿಖಿತ ನಿಯಮಕ್ಕಿಂತ ಹೆಚ್ಚಾಗಿ ವ್ಯಕ್ತಿಯ ಪ್ರತಾಪವನ್ನು ಅವಲಂಬಿಸಿತ್ತೆಂಬುದು ಅವರ ಅಧ್ಯಯನದಿಂದ ಸ್ಪಷ್ಟವಾಗುತ್ತದೆ. ಅಧಿಕಾರವು ಈ ಬಗೆಯದಾಗಿರುವಲ್ಲಿ ಕಲಹವು ಸಣ್ಣದಾಗಿರುವಾಗ ಕಾಣಿಸಿಕೊಳ್ಳುವುದೇ ಇಲ್ಲ, ಕಾಣಿಸಿಕೊಂಡಾಗ ಸಣ್ಣದಾಗಿರುವುದಿಲ್ಲ. ೧೯೨೯ರಲ್ಲಿಯೂ ೧೯೩೭ರಲ್ಲಿಯೂ ಸೆಣಬಿನ ಉದ್ಯಮದಲ್ಲಿ ಸಾರ್ವತ್ರಿಕ ಮುಷ್ಕರಗಳಾದುದನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಕಾರ್ಮಿಕಾಧಿಕಾರಿಯ ಉದಯ

೧೯೨೯ರಲ್ಲಿ ಜೆ. ಎಚ್. ವಿಟ್ಲೆಯವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ರಾಯಲ್ ಕಾರ್ಮಿಕ ಆಯೋಗವು ೧೯೩೧ರಲ್ಲಿ ವರದಿಯನ್ನೊಪ್ಪಿಸಿತು. ನೇಮಕ ಮಾಡುವ ಮತ್ತು ತೆಗೆದುಹಾಕುವ ಅಧಿಕಾರವನ್ನು ಮಧ್ಯವರ್ತಿಯ ಕೈಯಿಂದ ತಪ್ಪಿಸಿ, ಪ್ರಧಾನ ವ್ಯವಸ್ಥಾಪಕನಿಗೆ ಮಾತ್ರ ಅಧೀನನಾದ ಕಾರ್ಮಿಕಾಧಿಕಾರಿಗೆ ವಹಿಸಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ಈ ಸಲಹೆಯಲ್ಲಿ ಒಂದು ಶೈಕ್ಷಣಿಕ ಊಹೆ ಅಡಗಿದ್ದಿತು. ಜಗಳ ತೀರಿಸುವುದು ಹುಟ್ಟುಗುಣವಲ್ಲ, ಸರ್ದಾರನ ದರ್ಪವೂ ಅಲ್ಲ. ಅದು ಕಲಿತು ಮಾಡಬೇಕಾದ ವೃತ್ತಿ ಎಂಬುದೇ ಆ ಊಹೆ. ೧೯೩೭ರ ಮುಷ್ಕರದ ತರುವಾಯ ಗಿರಣಿ ಮಾಲೀಕರ ಸಂಘವೂ ಕಾರ್ಮಿಕಾಧಿಕಾರಿಗಳನ್ನು ನೇಮಿಸತೊಡಗಿತು. ಇಂಥವರಿಗೆ ಶಿಕ್ಷಣ ಕೊಡುವ ಹೊಣೆಯನ್ನು ೧೯೪೦ರ ದಶಕದ ಆರಂಭದಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಹೊತ್ತುಕೊಂಡಿತು. ಮುಂಬಯಿಯಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯೂ ಇದೇ ಕಾಲದ ಫಲ.

ಸ್ವಾತಂತ್ರ್ಯದ ಸುಮಾರಿಗೆ ಶಾಸನಗಳು ಬಂದವು. ೧೯೪೭ರ ಕೈಗಾರಿಕಾ ವಿವಾದಗಳ ಅಧಿನಿಯಮವು ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಉಭಯಪಕ್ಷಗಳ ಪ್ರತಿನಿಧಿಗಳುಳ್ಳ ಕಾರ್ಖಾನಾ ಸಮಿತಿಯ ರಚನೆಗೆ ಅವಕಾಶ ಕಲ್ಪಿಸಿತು. ೧೯೪೮ರ ಕಾರ್ಖಾನೆಗಳ ಅಧಿನಿಯಮವು ಐನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿಯನ್ನು ಕಡ್ಡಾಯಮಾಡಿತು. ಅಧಿಕಾರಿಗಳು ಬೇಕಾದುದರಿಂದ ಅವರನ್ನು ತಯಾರಿಸುವ ಶಾಲೆಯೂ ಬೇಕಾಯಿತು. ೧೯೫೩ರಲ್ಲಿ ಕಾಲೇಜ್ ಸ್ಕ್ವೇರಿನ ಬಳಿ ಸ್ಥಾಪಿತವಾದ ಸಮಾಜ ಕಲ್ಯಾಣ ಮತ್ತು ವ್ಯವಹಾರ ನಿರ್ವಹಣಾ ಸಂಸ್ಥೆಯ ಹೆಸರಿನಲ್ಲಿಯೇ ಆ ಯುಗದ ಮನೋಧರ್ಮ ಕಾಣುತ್ತದೆ. ಕಲ್ಯಾಣವೂ ನಿರ್ವಹಣೆಯೂ ಒಂದೇ ಸೂರಿನಡಿ, ಒಬ್ಬನೇ ಅಧಿಕಾರಿಯ ಮೈಯಲ್ಲಿ ಕೂಡಿರಬಲ್ಲವೆಂಬುದು ಅದರ ಆಶಯ.

ಆದರೆ ಈ ಕೂಡುವಿಕೆಯಲ್ಲಿಯೇ ತೊಡಕಿದ್ದಿತು. ಕಲ್ಯಾಣಾಧಿಕಾರಿಯು ಕಾರ್ಮಿಕನ ದೂರನ್ನು ಕೇಳಬೇಕು. ಆದರೆ ಅವನಿಗೆ ಸಂಬಳ ಬರುವುದು ಮಾಲೀಕನಿಂದ. ಅಂಥವನಲ್ಲಿ ಮನಸ್ಸು ಬಿಚ್ಚಿ ಮಾತನಾಡುವ ಕಾರ್ಮಿಕರು ಎಷ್ಟು ಮಂದಿ? ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಮಿಕ ಆಯೋಗವು ೧೯೬೯ರ ವರದಿಯಲ್ಲಿ ಕಲ್ಯಾಣಾಧಿಕಾರಿಯನ್ನು ಆಡಳಿತವರ್ಗದ ಪರವಾಗಿ ವಿವಾದಗಳನ್ನು ನಿರ್ವಹಿಸಲು ಬಳಸಕೂಡದೆಂದು ಹೇಳಬೇಕಾಗಿ ಬಂದುದು ಈ ತೊಡಕು ಎಷ್ಟು ಬಲವಾಗಿದ್ದಿತೆಂಬುದಕ್ಕೆ ಸಾಕ್ಷಿ. ಶಿಕ್ಷಣವು ಅಧಿಕಾರಿಗೆ ಜ್ಞಾನವನ್ನು ಕೊಟ್ಟಿತು. ವಿಶ್ವಾಸವನ್ನು ಕೊಡಲು ಅದರಿಂದಾಗಲಿಲ್ಲ.

ಹತ್ತು ಗಂಟೆಗಳ ಪಾಠ

ಅಧಿಕಾರಿಗೆ ಕಲಿಸಿದರೆ ಸಾಲದು, ಯಂತ್ರದ ಪಕ್ಕದಲ್ಲಿಯೇ ನಿಲ್ಲುವ ಮೇಸ್ತ್ರಿಗೂ ಕಲಿಸಬೇಕೆಂಬ ವಿಚಾರ ಬಂದುದು ಅಮೆರಿಕದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸ ಕೆಲಸಗಾರರನ್ನು ಬೇಗ ಪಳಗಿಸುವುದಕ್ಕಾಗಿ ಅಲ್ಲಿ 'ಉದ್ಯಮದೊಳಗಣ ತರಬೇತಿ' ಎಂಬ ಯೋಜನೆ ರೂಪುಗೊಂಡಿತು. ಅದರ ಒಂದು ಭಾಗ ಮೇಲ್ವಿಚಾರಕನಿಗೂ ಕೆಲಸಗಾರನಿಗೂ ಇರುವ ಸಂಬಂಧವನ್ನು ಕುರಿತದ್ದು. ಎರಡೆರಡು ಗಂಟೆಗಳ ಐದು ಬೈಠಕ್ಕುಗಳು. ಸುಮಾರು ಹತ್ತು ಮಂದಿಯ ಗುಂಪು. ನಾಲ್ಕು ಹೆಜ್ಜೆಗಳ ಕ್ರಮ. ಮೊದಲು ಸಂಗತಿಗಳನ್ನು ಕೂಡಿಸು, ಆಮೇಲೆ ತೂಗಿ ನಿರ್ಣಯಿಸು, ಆಮೇಲೆ ಕಾರ್ಯಕ್ಕಿಳಿ, ಕಡೆಗೆ ಫಲವನ್ನು ಪರೀಕ್ಷಿಸು. ಹೇಳುವುದಕ್ಕೆ ಇಷ್ಟೇ. ಆದರೆ ಈ ಪಾಠದ ಜೀವಾಳ ಇನ್ನೊಂದು ಕಡೆ ಇದ್ದಿತು. ಬೈಠಕ್ಕಿಗೆ ಬರುವ ಪ್ರತಿಯೊಬ್ಬ ಮೇಲ್ವಿಚಾರಕನೂ ತನ್ನ ವಿಭಾಗದಲ್ಲಿಯೇ ನಡೆದ ನಿಜವಾದ ತಕರಾರೊಂದನ್ನು ಗುಂಪಿನ ಮುಂದಿಡಬೇಕಾಗಿತ್ತು. ೧೯೫೦ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರ ಮೂಲಕ ಈ ಪದ್ಧತಿ ಅಹಮದಾಬಾದಿನ ಬಟ್ಟೆಯ ಗಿರಣಿಗಳನ್ನೂ ಮುಟ್ಟಿತು.

ಕಾರ್ಮಿಕರ ಕಡೆಯಿಂದ ಇದಕ್ಕೆ ಸಮನಾದ ಪ್ರಯತ್ನವೆಂದರೆ ೧೯೫೮ರಲ್ಲಿ ನಾಗಪುರವನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ಕೇಂದ್ರೀಯ ಕಾರ್ಮಿಕ ಶಿಕ್ಷಣ ಮಂಡಳಿ. ಅದರ ರಚನೆ ಮೂರು ಮೆಟ್ಟಿಲಿನದು. ಶಿಕ್ಷಣಾಧಿಕಾರಿಗಳು ಕಾರ್ಖಾನೆಗಳಿಂದ ಆಯ್ದ ಕಾರ್ಮಿಕರನ್ನು ಬೋಧಕರನ್ನಾಗಿ ತಯಾರಿಸುವರು. ಆ ಕಾರ್ಮಿಕ ಬೋಧಕರು ತಮ್ಮ ಕಾರ್ಖಾನೆಗೆ ಹಿಂತಿರುಗಿ ಜೊತೆಯವರಿಗೆ ಅವರ ಭಾಷೆಯಲ್ಲಿಯೇ ಪಾಠ ಹೇಳುವರು. ಕಲಿಯುವವನೇ ಕಲಿಸುವವನಾಗುವ ಈ ಏರ್ಪಾಡು ಶಿಕ್ಷಣಶಾಸ್ತ್ರದ ದೃಷ್ಟಿಯಿಂದ ಬಹು ಬೆಲೆಯುಳ್ಳದ್ದು. ಆದರೂ ಒಂದು ಲೋಪವನ್ನು ಇಲ್ಲಿ ಗುರುತಿಸಬೇಕು. ಮೇಸ್ತ್ರಿಯು ಒಂದು ಕೋಣೆಯಲ್ಲಿ ಕಲಿತನು, ಕಾರ್ಮಿಕನು ಇನ್ನೊಂದು ಕೋಣೆಯಲ್ಲಿ ಕಲಿತನು. ಕಲಹವಾದರೋ ಇಬ್ಬರ ನಡುವಿನದು. ಇಬ್ಬರೂ ಕೂಡಿ ಕುಳಿತು ಕಲಿತ ಕೋಣೆ ಮಾತ್ರ ಅಪರೂಪವಾಗಿಯೇ ಉಳಿಯಿತು.

೧೯೬೭ರ ಪಾಠ

ಕಲ್ಕತ್ತೆಯಲ್ಲಿ ೧೯೬೧ರ ನವೆಂಬರಿನಲ್ಲಿ ದೇಶದ ಮೊದಲ ಭಾರತೀಯ ನಿರ್ವಹಣಾ ಸಂಸ್ಥೆ ಆರಂಭವಾಯಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸ್ಲೋನ್ ಶಾಲೆಯ ಸಹಕಾರ ಅದಕ್ಕೆ ದೊರೆತಿದ್ದಿತು. ಜೋಕಾಕ್ಕೆ ಹೋಗುವುದಕ್ಕೆ ಮುಂಚೆ ಅದು ಬ್ಯಾರಕ್‌ಪುರ ಹೆದ್ದಾರಿಯ ಎಮರಾಲ್ಡ್ ಬೋವರ್ ಎಂಬ ಕಟ್ಟಡದಲ್ಲಿ ನಡೆಯುತ್ತಿತ್ತು. ಸುತ್ತಲೂ ಗಿರಣಿಗಳ ಪ್ರದೇಶ. ಆಧುನಿಕ ನಿರ್ವಹಣಾಶಾಸ್ತ್ರವು ಈ ನಗರದಲ್ಲಿ ಬೇರೂರಿ ಆರು ವರ್ಷಗಳೂ ತುಂಬಿರಲಿಲ್ಲ, ಆಗ ಘೇರಾವಿನ ಕಾಲ ಬಂದಿತು.

೧೯೬೭ರ ಮಾರ್ಚಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಸಂಯುಕ್ತ ರಂಗದ ಸರ್ಕಾರ ಅಧಿಕಾರಕ್ಕೆ ಬಂದಿತು. ಸುಬೋಧ ಬ್ಯಾನರ್ಜಿಯವರು ಕಾರ್ಮಿಕ ಮಂತ್ರಿಗಳಾದರು. ವ್ಯವಸ್ಥಾಪಕರನ್ನು ಕಾರ್ಮಿಕರು ಸುತ್ತುವರಿದು ಬೇಡಿಕೆ ಈಡೇರುವವರೆಗೆ ಹೊರಹೋಗಗೊಡದಿರುವ ಘೇರಾವ್ ಆ ವರ್ಷದ ಆಗಸ್ಟಿನೊಳಗೆ ಸಾವಿರ ಸಲಕ್ಕೂ ಮೀರಿ ನಡೆಯಿತು. ಪೋಲೀಸರು ಮಧ್ಯೆ ಪ್ರವೇಶಿಸುವ ಮೊದಲು ಕಾರ್ಮಿಕ ಮಂತ್ರಿಗೆ ತಿಳಿಸಬೇಕೆಂಬ ಸರ್ಕಾರಿ ಸುತ್ತೋಲೆಯನ್ನು ಜೇ ಇಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯವು ೧೯೬೭ರ ಸೆಪ್ಟೆಂಬರಿನಲ್ಲಿ ರದ್ದುಗೊಳಿಸಿತು. ಅಕ್ರಮ ಬಂಧನವೇ ಮುಂತಾದ ಅಪರಾಧಗಳಿಂದ ಕೂಡಿದ ಘೇರಾವಿಗೆ ಕಾರ್ಮಿಕ ಸಂಘಗಳ ಶಾಸನದ ರಕ್ಷಣೆಯಿಲ್ಲವೆಂಬುದು ತೀರ್ಪಿನ ಸಾರ.

ಇದರ ನ್ಯಾಯಾನ್ಯಾಯವನ್ನು ನಿರ್ಣಯಿಸುವುದು ನಮ್ಮ ವಿಷಯವಲ್ಲ. ಕಲಿಕೆಯ ಚರಿತ್ರೆಯಲ್ಲಿ ಈ ಘಟನೆಗಿರುವ ಸ್ಥಾನವನ್ನು ಮಾತ್ರ ನೋಡೋಣ. ಎರಡು ದಶಕಗಳಿಗೂ ಮೀರಿ ಕಾರ್ಮಿಕಾಧಿಕಾರಿಗಳನ್ನು ತಯಾರಿಸಿದ ನಗರದಲ್ಲಿಯೇ ವ್ಯವಸ್ಥಾಪಕನ ಕೋಣೆಯ ಬಾಗಿಲಲ್ಲಿ ಜನ ಸುತ್ತುವರಿದು ನಿಂತರು. ದೂರು ನಡೆಯಬೇಕಾದ ದಾರಿಯೆಲ್ಲ ಮುಚ್ಚಿದೆಯೆಂದು ಭಾವಿಸಿದವರು ದೂರನ್ನು ತಮ್ಮ ದೇಹದಿಂದಲೇ ಹೇಳಿದರು. ಲೇಆಫ್, ಕೆಲಸದಿಂದ ತೆಗೆಯುವುದು, ಬಾಕಿ ಸಂಬಳ ಮೊದಲಾದ ಪ್ರಶ್ನೆಗಳು ಅಂದು ಮುಂದಿದ್ದವು. ಇವು ಮಾತಿನ ಚಾತುರ್ಯದಿಂದ ಕರಗುವಂಥವಲ್ಲ. ನಮ್ಮ ನಾಡಿನಲ್ಲಿಯೂ ಇದೇ ಅನುಭವವಾಯಿತು. ೧೯೮೦ರ ಡಿಸೆಂಬರಿನಿಂದ ೧೯೮೧ರ ಮಾರ್ಚಿಯವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಾದ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್.ಗಳಲ್ಲಿ ೭೭ ದಿನಗಳ ಮುಷ್ಕರ ನಡೆಯಿತು. ಮೇಲ್ವಿಚಾರಕರ ತರಬೇತಿಗೆ ಆ ಸಂಸ್ಥೆಗಳಲ್ಲಿ ಕೊರತೆಯಿರಲಿಲ್ಲ. ಆದರೆ ಕಾರ್ಮಿಕರು ಕೇಳಿದ್ದು ಬಿ.ಎಚ್.ಇ.ಎಲ್. ನೌಕರರಿಗೆ ಸಮನಾದ ವೇತನವನ್ನು. ಹಿತಗಳ ಘರ್ಷಣೆಯನ್ನು ಸ್ವಭಾವಗಳ ಘರ್ಷಣೆಯೆಂದು ಭ್ರಮಿಸಿದರೆ ಯಾವ ಶಿಕ್ಷಣವೂ ಫಲಿಸದು. ಕಲಹದ ಪಾಠವನ್ನು ರಚಿಸುವವನು ಬರೆಯಬೇಕಾದ ಮೊದಲ ವಾಕ್ಯವೇ ಇದು.

ಸಿದ್ಧಾಂತಗಳ ಪರಾಮರ್ಶೆ

ಇನ್ನು ಕಲಿಕೆಯ ಸಿದ್ಧಾಂತಗಳನ್ನು ನೋಡಬಹುದು. ಅವುಗಳಲ್ಲಿ ಗಣಕಯಂತ್ರದ ಪಾಠಕ್ಕೆ ಅತ್ಯಂತ ಸಮೀಪವಾದುದು ಬಿ. ಎಫ್. ಸ್ಕಿನ್ನರ್ ಅವರದು. ೧೯೫೪ರಲ್ಲಿ ಅವರು ಬೋಧನಾಯಂತ್ರದ ವಿಚಾರವನ್ನು ಮಂಡಿಸಿದರು. ವಿಷಯವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆ. ಪ್ರತಿಯೊಂದಕ್ಕೂ ಪ್ರಶ್ನೆ ಕೇಳು. ಸರಿಯುತ್ತರಕ್ಕೆ ಕೂಡಲೇ ಮನ್ನಣೆ ಕೊಡು ಎಂಬುದು ಅದರ ಕ್ರಮ. ಇಂದಿನ ಆನ್‌ಲೈನ್ ಪಾಠಗಳಲ್ಲಿ ಪ್ರತಿ ಅಧ್ಯಾಯದ ಕೊನೆಗೂ ಬರುವ ನಾಲ್ಕು ಆಯ್ಕೆಗಳ ಪ್ರಶ್ನೆಯನ್ನು ಇದರ ಬಂಧುವೆನ್ನಬಹುದು. ಕಾಯಿದೆಯ ಕಲಮುಗಳನ್ನೂ ದೂರು ಸಲ್ಲಿಸುವ ವಿಧಾನವನ್ನೂ ಕಲಿಸಲು ಇದು ಒಳ್ಳೆಯ ಸಾಧನ. ಆದರೆ ಕೋಪಗೊಂಡ ಮನುಷ್ಯನ ಇದಿರಿನಲ್ಲಿ ಸರಿಯುತ್ತರ ಒಂದೇ ಇರುವುದಿಲ್ಲ. ಇದ್ದರೂ ಅದನ್ನು ಬಲ್ಲವನು ಅದರಂತೆ ನಡೆದಾನೆಂಬ ಭರವಸೆಯಿಲ್ಲ. ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಷೋನ್ ೧೯೭೪ರಲ್ಲಿ ಮಾಡಿದ ವಿಭಾಗವೊಂದು ಇಲ್ಲಿ ಸ್ಮರಣೀಯ. ಮನುಷ್ಯನು ತಾನು ನಂಬಿರುವೆನೆಂದು ಹೇಳುವ ತತ್ತ್ವ ಒಂದು, ಅವನ ನಡತೆಯಿಂದ ಹೊರಪಡುವ ತತ್ತ್ವ ಇನ್ನೊಂದು. ಪರೀಕ್ಷೆಯ ಪ್ರಶ್ನೆಯು ಮೊದಲನೆಯದನ್ನು ಅಳೆಯುತ್ತದೆ. ಕಲಹವು ಎರಡನೆಯದನ್ನು ಬಯಲಿಗೆಳೆಯುತ್ತದೆ.

ಎರಡನೆಯದು ಅನುಭವದ ಸಿದ್ಧಾಂತ. ಜಾನ್ ಡ್ಯೂಯಿಯವರಿಂದ ಹೊರಟ ಈ ಧಾರೆ ಕುರ್ಟ್ ಲೆವಿನ್ ಅವರಲ್ಲಿ ಹೊಸ ರೂಪ ಪಡೆಯಿತು. ೧೯೪೬ರಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಜನಾಂಗಗಳ ವೈಷಮ್ಯವನ್ನು ಕಡಿಮೆಮಾಡುವ ಬಗೆಗೆ ಅವರು ಒಂದು ಶಿಬಿರ ನಡೆಸಿದರು. ಹಗಲಿನ ಗುಂಪುಗಳಲ್ಲಿ ಯಾರು ಹೇಗೆ ವರ್ತಿಸಿದರೆಂದು ಸಂಜೆ ಸಿಬ್ಬಂದಿಯವರು ಚರ್ಚಿಸುತ್ತಿದ್ದರು. ಶಿಬಿರಾರ್ಥಿಗಳಲ್ಲಿ ಕೆಲವರು ತಾವೂ ಆ ಚರ್ಚೆಯನ್ನು ಕೇಳಬಹುದೆ ಎಂದರು; ಲೆವಿನ್ ಒಪ್ಪಿದರು. ತನ್ನ ವರ್ತನೆಯ ವರ್ಣನೆಯನ್ನು ಇನ್ನೊಬ್ಬರ ಬಾಯಿಂದ ಕೇಳಿದವರು ಅದನ್ನು ಅಲ್ಲಗಳೆದರು, ವಾದಿಸಿದರು, ಆಮೇಲೆ ಯೋಚಿಸಿದರು. ಉಪನ್ಯಾಸದಿಂದ ಆಗದ ಕಲಿಕೆ ಈ ವಾದದಿಂದ ಆದುದನ್ನು ಕಂಡು ೧೯೪೭ರಲ್ಲಿ ಮೇಯ್ನ್ ಸಂಸ್ಥಾನದ ಬೆಥೆಲ್‌ನಲ್ಲಿ ಅದನ್ನೇ ಪದ್ಧತಿಯನ್ನಾಗಿ ಮಾಡಲಾಯಿತು. ಡೇವಿಡ್ ಕೋಲ್ಬ್ ೧೯೮೪ರಲ್ಲಿ ವಿವರಿಸಿದ ಅನುಭವ, ಅವಲೋಕನ, ಸಾಮಾನ್ಯೀಕರಣ, ಪ್ರಯೋಗ ಎಂಬ ಚಕ್ರಕ್ಕೆ ಮೂಲ ಇಲ್ಲಿಯೇ ಇದೆ.

ಈ ಧಾರೆಗೆ ಕರ್ಣಾಟಕದೊಡನೆ ಸಂಬಂಧವುಂಟು. ಏಷ್ಯಾದ ನಾನಾ ದೇಶಗಳ ಯುವ ಮುಂದಾಳುಗಳಿಗಾಗಿ ರೋಲ್ಫ್ ಲಿಂಟನ್ ದಂಪತಿಗಳು ನಡೆಸಿದ 'ಆಲೋಕ' ಎಂಬ ವಸತಿ ತರಬೇತಿ ಕೇಂದ್ರವು ೧೯೫೦ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಹತ್ತಿರ ಇದ್ದಿತು. ಬೇರೆ ಬೇರೆ ಭಾಷೆ, ಆಹಾರ, ಧರ್ಮಗಳವರು ಒಂದೆಡೆ ವಾಸಿಸುವಾಗ ತಲೆದೋರುವ ಘರ್ಷಣೆಯನ್ನೇ ಪಠ್ಯವಾಗಿಸಿಕೊಳ್ಳುವುದು ಅಲ್ಲಿಯ ಮಾರ್ಗ. ಆ ಅನುಭವವನ್ನು ಕುರಿತ ಗ್ರಂಥ ೧೯೬೦ರಲ್ಲಿ ಪ್ರಕಟವಾಯಿತು. ಬಳಿಕ ಲಿಂಟನ್ ಅವರು ಉದಯ ಪಾರೀಕರೊಡನೆ ೧೯೬೭ರಲ್ಲಿ ಪ್ರಕಟಿಸಿದ ತರಬೇತಿಶಾಸ್ತ್ರದ ಗ್ರಂಥವು ಹಲವು ದೇಶಗಳಲ್ಲಿ ಬಳಕೆಗೆ ಬಂದಿತು. ತರಬೇತಿಯ ಫಲವು ಕಲಿಯುವವನಿಂದ ಮಾತ್ರ ಬರುವುದಿಲ್ಲ, ಕಲಿಸುವ ಸಂಸ್ಥೆಯಿಂದ ಮಾತ್ರವೂ ಬರುವುದಿಲ್ಲ. ಅವನನ್ನು ಕಳುಹಿಸಿಕೊಟ್ಟು ಮತ್ತೆ ಬರಮಾಡಿಕೊಳ್ಳುವ ಕಾರ್ಯಸಂಸ್ಥೆಯೂ ಅದರಲ್ಲಿ ಪಾಲುದಾರ ಎಂಬುದು ಅದರ ಮುಖ್ಯ ಪ್ರತಿಪಾದನೆ. ಕಲ್ಕತ್ತೆಯ ಕಾರ್ಮಿಕಾಧಿಕಾರಿಯ ಕಥೆಯನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುವುದು.

ಮೂರನೆಯದು ಕಲಹದ ಸ್ವರೂಪವನ್ನೇ ಕುರಿತದ್ದು. ಮೇರಿ ಪಾರ್ಕರ್ ಫಾಲೆಟ್ ಎಂಬ ವಿದುಷಿ ೧೯೨೫ರ ಉಪನ್ಯಾಸವೊಂದರಲ್ಲಿ ಕಲಹವನ್ನು ಮೂರು ಬಗೆಗಳಲ್ಲಿ ಎದುರಿಸಬಹುದೆಂದರು: ಒಬ್ಬರು ಗೆಲ್ಲುವುದು, ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು, ಇಬ್ಬರ ಇಷ್ಟವೂ ನೆರವೇರುವ ಮೂರನೆಯ ದಾರಿಯನ್ನು ಹುಡುಕುವುದು. ಗ್ರಂಥಾಲಯದ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬರಿಗೆ ಮುಚ್ಚಿರಬೇಕು. ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ಒಬ್ಬರಿಗೆ ಬೇಕಾದುದು ಗಾಳಿ. ಇನ್ನೊಬ್ಬರಿಗೆ ಬೇಡವಾದುದು ನೇರವಾಗಿ ಬೀಸುವ ಚಳಿ. ಪ್ರತಿಯೊಬ್ಬನೂ ಕೇಳುವುದರ ಹಿಂದೆ ಅವನಿಗೆ ಬೇಕಾದುದೇನೆಂದು ವಿಚಾರಿಸುವ ಅಭ್ಯಾಸವೇ ಈ ವಿದ್ಯೆಯ ತಿರುಳು. ಅಭ್ಯಾಸವೆಂದಮೇಲೆ ಒಂದು ದಿನದ ಪಾಠದಿಂದ ಅದು ಬಾರದು. ಮರೆವಿನ ವೇಗವನ್ನು ಹರ್ಮನ್ ಎಬ್ಬಿಂಗ್‌ಹೌಸ್ ೧೮೮೫ರಲ್ಲಿಯೇ ಅಳೆದು ತೋರಿಸಿದ್ದಾರೆ. ಬಿಡುವು ಕೊಟ್ಟು ಪುನಃ ಪುನಃ ಕಲಿತದ್ದು ಒಂದೇ ಸಲ ಕಲಿತದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ.

ತೆರೆಯ ಮುಂದಿನ ತರಗತಿ

ಈಗ ವರ್ತಮಾನಕ್ಕೆ ಬರೋಣ. ಗಿರಣಿಗಳ ಪ್ರಾಬಲ್ಯ ಕುಗ್ಗಿ, ಸಾಲ್ಟ್ ಲೇಕಿನ ಐದನೆಯ ವಲಯದಲ್ಲಿಯೂ ನ್ಯೂ ಟೌನಿನಲ್ಲಿಯೂ ಗಣಕಯಂತ್ರದ ಕಚೇರಿಗಳು ಎದ್ದಿವೆ. ೨೦೨೦ರ ಮಹಾಮಾರಿಯ ದಿನಗಳಲ್ಲಿ ಕೆಲಸದೊಡನೆ ತರಬೇತಿಯೂ ಮನೆಯೊಳಗಿನ ತೆರೆಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಕರ್ಮಯೋಗಿ ಯೋಜನೆಯು ಸರ್ಕಾರಿ ನೌಕರರ ತರಬೇತಿಯನ್ನೂ ಆನ್‌ಲೈನ್ ವೇದಿಕೆಗೆ ತಂದಿತು. ಶಾಸನವೂ ಬದಲಾಗಿದೆ. ೧೯೪೭ರ ಅಧಿನಿಯಮದ ಸ್ಥಾನದಲ್ಲಿ ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಉಭಯಪಕ್ಷಗಳ ಸಮಸಂಖ್ಯೆಯ ಸದಸ್ಯರುಳ್ಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂದು ಅದು ವಿಧಿಸುತ್ತದೆ. ಆದುದರಿಂದ ಸಣ್ಣ ಸಣ್ಣ ಕಾರ್ಯಸ್ಥಾನಗಳಲ್ಲಿಯೂ ದೂರನ್ನು ಕೇಳಿ ತೀರ್ಮಾನಿಸಬಲ್ಲ ಜನ ಬೇಕಾಗುತ್ತಾರೆ. ಅವರೆಲ್ಲರಿಗೂ ಕಾಲೇಜ್ ಸ್ಕ್ವೇರಿನಲ್ಲಿ ಪಾಠ ಹೇಳಲಾಗದು. ಆನ್‌ಲೈನ್ ಶಿಕ್ಷಣವು ಇಲ್ಲಿ ಆಡಂಬರವಲ್ಲ, ಆವಶ್ಯಕತೆ.

ಹಾಗಾದರೆ ಆ ಪಾಠ ಹೇಗಿರಬೇಕು? ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಒಂದೇ ಕಾರ್ಯವನ್ನು ಕೋಲ್ಕತ್ತದ ತಂಡವೂ ಬೆಂಗಳೂರಿನ ತಂಡವೂ ಸರದಿಯ ಮೇಲೆ ನಿರ್ವಹಿಸುತ್ತವೆ. ಬೆಂಗಳೂರಿನವರು ಕೆಲಸವನ್ನು ಅರ್ಧಕ್ಕೆ ಬಿಟ್ಟು ಒಪ್ಪಿಸುತ್ತಾರೆಂಬುದು ಇಲ್ಲಿಯವರ ದೂರು. ಕೋಲ್ಕತ್ತದವರ ಪತ್ರಗಳು ಆಜ್ಞೆಯ ಧಾಟಿಯಲ್ಲಿರುತ್ತವೆಂಬುದು ಅಲ್ಲಿಯವರ ದೂರು. ಇಬ್ಬರೂ ಬರೆಯುವುದು ಇಂಗ್ಲಿಷಿನಲ್ಲಿ. ಯೋಚಿಸುವುದು ತಂತಮ್ಮ ಭಾಷೆಯಲ್ಲಿ. ಮನೆಯಲ್ಲಿ ನೀವು, ತಾವು ಎಂದು ಗೌರವವನ್ನು ಕ್ರಿಯಾಪದದಲ್ಲಿಯೇ ಅಡಕಮಾಡಿಕೊಂಡವರು ಪರಭಾಷೆಯಲ್ಲಿ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಒರಟಾಗುವುದುಂಟು. ಪರಸ್ಥಳದಲ್ಲಿ ಬಾಳಿದ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ಗುಂಪಿಗೆ ಮೊದಲ ವಾರದಲ್ಲಿ ಸಿದ್ಧಾಂತವನ್ನು ಹೇಳಕೂಡದು. ಪ್ರತಿಯೊಬ್ಬನೂ ನಡೆದ ಒಂದು ತಕರಾರನ್ನು ತನ್ನ ದೃಷ್ಟಿಯಿಂದ, ತನಗೆ ಸುಲಭವಾದ ಭಾಷೆಯಲ್ಲಿ ಬರೆಯಲಿ ಅಥವಾ ಹೇಳಿ ಮುದ್ರಿಸಲಿ. ಎರಡನೆಯ ವಾರದಲ್ಲಿ ಎದುರು ಪಕ್ಷದವರ ನಿರೂಪಣೆಯನ್ನು ಓದಿ, ಅದನ್ನು ಅವರು ಒಪ್ಪುವಂತೆ ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಅವರು ಒಪ್ಪುವವರೆಗೂ ಮುಂದಿನ ಪಾಠ ತೆರೆಯಬಾರದು. ಸಂಗತಿಗಳನ್ನು ಕೂಡಿಸು ಎಂಬ ಹಳೆಯ ಮೊದಲ ಹೆಜ್ಜೆಯೇ ಇದು. ಮೂರನೆಯ ವಾರದಲ್ಲಿ ಫಾಲೆಟ್ ಅವರ ವಿಭಾಗವನ್ನು ತಿಳಿಸಿ, ಇದು ಮಾತಿನ ಕಲಹವೋ, ಕೆಲಸದ ಹಂಚಿಕೆಯ ಕಲಹವೋ, ಹಕ್ಕಿನ ಪ್ರಶ್ನೆಯೋ ಎಂದು ವಿಂಗಡಿಸಲಿ. ನಾಲ್ಕನೆಯ ವಾರದಲ್ಲಿ ಎಲ್ಲರೂ ಏಕಕಾಲದಲ್ಲಿ ತೆರೆಯ ಮೇಲೆ ಸೇರಿ, ಪಾತ್ರಗಳನ್ನು ಅದಲುಬದಲು ಮಾಡಿ ಮಾತನಾಡಲಿ. ಇದಕ್ಕೆ ಅನುಭವವುಳ್ಳ ಮಾರ್ಗದರ್ಶಿಯೊಬ್ಬ ಬೇಕೇ ಬೇಕು. ಅಲ್ಲಿಂದ ಒಂದು ತಿಂಗಳ ಮೇಲೆ ಮತ್ತೆ ಸೇರಿ, ಆಡಿದಂತೆ ನಡೆದುದುಂಟೆ, ಕೆಲಸ ಒಪ್ಪಿಸುವ ಕ್ರಮ ಬದಲಾಯಿತೆ ಎಂದು ಪರೀಕ್ಷಿಸಲಿ. ತರಬೇತಿಯನ್ನು ಕಲಿಯುವವನ ಮೆಚ್ಚಿಕೆ, ಅವನ ಜ್ಞಾನ, ಅವನ ನಡತೆ, ಸಂಸ್ಥೆಗಾದ ಪ್ರಯೋಜನ ಎಂಬ ನಾಲ್ಕು ಹಂತಗಳಲ್ಲಿ ಅಳೆಯಬೇಕೆಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ೧೯೫೯ರಲ್ಲಿ ಸೂಚಿಸಿದರು. ಪಾಠ ಮುಗಿಸಿದವರ ಸಂಖ್ಯೆಯನ್ನು ಎಣಿಸಿ ತೃಪ್ತಿಪಡುವವರು ಇವುಗಳಲ್ಲಿ ಮೊದಲನೆಯ ಹಂತವನ್ನೂ ಮುಟ್ಟಿರುವುದಿಲ್ಲ.

ಎರಡು ಎಚ್ಚರಿಕೆಗಳು

ಮೊದಲನೆಯದು ವಿಷಯದ ಎಲ್ಲೆಯನ್ನು ಕುರಿತದ್ದು. ಕಿರುಕುಳ, ಭೇದಭಾವ, ಬಾಕಿ ಸಂಬಳ ಇವು ಎರಡು ಕಡೆಯವರು ಸಮನಾಗಿ ಹೊಂದಿಕೊಳ್ಳಬೇಕಾದ ಕಲಹಗಳಲ್ಲ. ೧೯೯೭ರ ವಿಶಾಖಾ ತೀರ್ಪೂ ಅದರ ಬೆನ್ನಿಗೆ ಬಂದ ೨೦೧೩ರ ಶಾಸನವೂ ಮಹಿಳೆಯರ ಮೇಲಣ ಲೈಂಗಿಕ ಕಿರುಕುಳಕ್ಕೆ ಪ್ರತ್ಯೇಕವಾದ ವಿಚಾರಣಾ ಕ್ರಮವನ್ನು ನಿಗದಿಮಾಡಿರುವುದು ಇದೇ ಕಾರಣದಿಂದ. ಅನ್ಯಾಯಕ್ಕೊಳಗಾದವರಿಗೆ ಹೊಂದಾಣಿಕೆಯ ಪಾಠ ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ. ಯಾವುದು ಕಲಹ, ಯಾವುದು ಅಪರಾಧ ಎಂಬ ವಿವೇಕ ಪಾಠದ ಆರಂಭದಲ್ಲಿಯೇ ಬರತಕ್ಕದ್ದು.

ಎರಡನೆಯದು ವಿಶ್ವಾಸವನ್ನು ಕುರಿತದ್ದು. ನಮ್ಮ ಅಭಿಪ್ರಾಯದಲ್ಲಿ ಇದೇ ಹೆಚ್ಚು ಗುರುತರವಾದದ್ದು. ಕಲ್ಯಾಣಾಧಿಕಾರಿಯ ಮುಂದೆ ಕಾರ್ಮಿಕನು ಆಡಿದ ಮಾತು ಗಾಳಿಯಲ್ಲಿ ಹೋಗುತ್ತಿತ್ತು. ತೆರೆಯ ಮುಂದೆ ನೌಕರನು ಬರೆದ ಮಾತಾದರೋ ಅಳಿಯದ ದಾಖಲೆ. ತನ್ನ ಮೇಲಧಿಕಾರಿಯೊಡನೆ ಆದ ತಕರಾರನ್ನು ಪಾಠದ ಭಾಗವಾಗಿ ಬರೆದವನ ಬರಹವನ್ನು ಅದೇ ಮೇಲಧಿಕಾರಿ ಬಡ್ತಿಯ ಸಮಯದಲ್ಲಿ ಓದಬಲ್ಲನಾದರೆ, ಆ ಪಾಠದಲ್ಲಿ ನಿಜವನ್ನು ಬರೆಯುವವರು ಯಾರು? ನಿಜವಾದ ತಕರಾರು ಪಾಠಕ್ಕೆ ಬಾರದಿದ್ದರೆ ಅನುಭವದ ಸಿದ್ಧಾಂತವೆಲ್ಲ ನಿರಾಧಾರವಾಗುತ್ತದೆ. ಉಳಿಯುವುದು ನಾಲ್ಕು ಆಯ್ಕೆಗಳ ಪ್ರಶ್ನೆ ಮಾತ್ರ. ಆದಕಾರಣ ವೈಯಕ್ತಿಕ ಬರಹಗಳು ಮಾರ್ಗದರ್ಶಿಯ ಬಳಿಯಲ್ಲಿಯೇ ಉಳಿದು ಪಾಠ ಮುಗಿದೊಡನೆ ಅಳಿಸಲ್ಪಡಬೇಕು. ಆಡಳಿತಕ್ಕೆ ಹೋಗತಕ್ಕದ್ದು ಹೆಸರುಗಳಿಲ್ಲದ ಸಾರಾಂಶ ಮಾತ್ರ. ಈ ನಿಯಮವನ್ನು ಗೊತ್ತುಪಡಿಸುವಲ್ಲಿ ನೌಕರರ ಪ್ರತಿನಿಧಿಗಳಿಗೂ ಪಾಲಿರಬೇಕು. ಕುಂದುಕೊರತೆ ಸಮಿತಿಯ ಎರಡೂ ಪಕ್ಷಗಳ ಸದಸ್ಯರು ಒಂದೇ ತರಗತಿಯಲ್ಲಿ ಕೂಡಿ ಕಲಿಯಬೇಕು. ೧೯೫೦ರ ದಶಕದಲ್ಲಿ ಎರಡು ಕೋಣೆಗಳ ನಡುವೆ ಗೋಡೆಯಿದ್ದಿತು. ಇಂದು ಪ್ರತಿಯೊಬ್ಬನನ್ನೂ ಅವನವನ ತೆರೆಯ ಮುಂದೆ ಒಂಟಿಯಾಗಿ ಕುಳ್ಳಿರಿಸಿದರೆ ಗೋಡೆಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ.

ಈ ತೊಂಬತ್ತು ವರ್ಷಗಳ ಚರಿತ್ರೆಯಿಂದ ಹೊರಡುವ ನಿಷ್ಕರ್ಷೆ ಸರಳವಾದುದು. ಕಲಹವನ್ನು ನಿರ್ವಹಿಸುವ ವಿದ್ಯೆಯನ್ನು ಕಲಿಸಬಹುದು. ಆದರೆ ಒಂದು ಪಕ್ಷಕ್ಕೆ ಮಾತ್ರ ಕಲಿಸಿದರೆ ಅದು ಇನ್ನೊಂದು ಪಕ್ಷಕ್ಕೆ ತಂತ್ರವಾಗಿ ಕಾಣುತ್ತದೆ. ದೂರು ಹೇಳಿದವನಿಗೆ ಹಾನಿಯಾಗದೆಂಬ ಭರವಸೆ ಇರುವಲ್ಲಿ ಅತ್ಯಂತ ಸಾಧಾರಣವಾದ ಪಾಠವೂ ಫಲಿಸೀತು. ಅದಿಲ್ಲದ ಕಡೆ ಅತ್ಯುತ್ತಮ ಸಿದ್ಧಾಂತವೂ ಯಂತ್ರವೂ ನಿಷ್ಫಲ. ಸಾಲ್ಟ್ 
ಲೇಕಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇಂಥ ಪಾಠಗಳನ್ನು ರಚಿಸುವ ಮತ್ತು ಕೊಳ್ಳುವ ಸ್ಥಾನಗಳಲ್ಲಿ ಇಂದು ಕನ್ನಡಿಗರು ಅನೇಕರಿದ್ದಾರೆ. ಮುಂದಿನ ಪಾಠಕ್ಕೆ ಒಪ್ಪಿಗೆ ಕೊಡುವ ಮುನ್ನ ಅವರು ತಯಾರಕರನ್ನು ಒಂದು ಪ್ರಶ್ನೆ ಕೇಳಲಿ: ಇದರಲ್ಲಿ ನೌಕರನು ಬರೆದದ್ದನ್ನು ಯಾರು ಓದುತ್ತಾರೆ? ಅದಕ್ಕೆ ಸ್ಪಷ್ಟವಾದ ಉತ್ತರ ಸಿಕ್ಕಿದಮೇಲೆ ಉಳಿದ ಪಾಠಪಟ್ಟಿಯನ್ನು ಚರ್ಚಿಸಲು ಬೇಕಾದಷ್ಟು ಸಮಯವಿದೆ.